ಮರೆಸಿದ ದೋಷ, ಒಪ್ಪಿದ ದೋಷ

ಜೈನಾಚಾರದಲ್ಲಿ ವ್ರತವೆಂಬುದು ಕೇವಲ ಬಾಹ್ಯ ನಿಯಮವಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾದಿ ವ್ರತಗಳನ್ನು ನಿರೂಪಿಸಿ, ಅವುಗಳನ್ನು ಧರಿಸಿದ ಮಾತ್ರಕ್ಕೆ ಯಾರೂ ವ್ರತಿ ಎನಿಸುವುದಿಲ್ಲ, ಅವನಲ್ಲಿ ಶಲ್ಯವಿರಕೂಡದು ಎಂಬ ನಿಬಂಧನೆಯನ್ನು ಸೇರಿಸುತ್ತಾರೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಬಾಣದ ಮೊನೆ. ಹೊರಗಿನ ಗಾಯ ಮಾಯ್ದಂತೆ ಕಂಡರೂ ಒಳಗಿನ ಮೊನೆ ಕೀವುಗಟ್ಟುತ್ತಲೇ ಇರುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮೊದಲನೆಯದು ಕಪಟ. ಮಾಡಿದ್ದನ್ನು ಮರೆಸಿ ಮಾಡದವನಂತೆ ತೋರಿಸಿಕೊಳ್ಳುವ ಬುದ್ಧಿ. ದೋಷ ಬೇರೆ, ಶಲ್ಯ ಬೇರೆ. ದೋಷ ಒಂದು ದಿನದ ಕರ್ಮ. ಅದನ್ನು ಮರೆಸುವುದು ದಿನದಿನದ ಕರ್ಮ.

ಈ ಭೇದವನ್ನು ಇಂದಿನ ಲೌಕಿಕ ವ್ಯವಹಾರದಲ್ಲಿಟ್ಟು ಪರೀಕ್ಷಿಸಲು ಸರ್ಕಾರಿ ಹುದ್ದೆಗೆ ಮುನ್ನ ನಡೆಯುವ ನಡತೆ ಮತ್ತು ಪೂರ್ವಚರಿತ್ರೆಯ ಪರಿಶೀಲನೆಗಿಂತ ಉಚಿತವಾದ ನಿದರ್ಶನ ದೊರೆಯುವುದು ಕಷ್ಟ. ಅದರಲ್ಲಿಯೂ ತಾರುಣ್ಯದಲ್ಲಿ ಮಾದಕ ವಸ್ತುವನ್ನು ಸೇವಿಸಿ ಅನಂತರ ಅದರಿಂದ ಬಿಡುಗಡೆ ಹೊಂದಿದವನು ಈ ಪರಿಶೀಲನೆಯ ಮುಂದೆ ನಿಂತಾಗ ರಾಜ್ಯಶಾಸನ, ಕುಟುಂಬ, ಧರ್ಮ ಈ ಮೂರೂ ಏಕಕಾಲದಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಈ ವಿಷಯವನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ 2016ರ ಅವತಾರ್ ಸಿಂಗ್ ತೀರ್ಪನ್ನೂ, ಅದು ವಿಚಾರಿಸಿದ ದೃಢೀಕರಣ ನಮೂನೆಯನ್ನೂ ಜೈನ ಪ್ರಾಯಶ್ಚಿತ್ತ ಶಾಸ್ತ್ರದ ಬೆಳಕಿನಲ್ಲಿ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಮಾದಕ ವಸ್ತುವಿನ ಸೇವನೆಯನ್ನು ಅಲ್ಪದೋಷವೆಂದು ಸಾಧಿಸುವುದು ಇಲ್ಲಿನ ಆಶಯವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥನ ಅಷ್ಟಮೂಲಗುಣಗಳನ್ನು ಹೇಳುವಾಗ ಮದ್ಯತ್ಯಾಗವನ್ನು ಅವುಗಳಲ್ಲಿ ಸೇರಿಸುತ್ತದೆ. ಸಪ್ತವ್ಯಸನಗಳಲ್ಲಿಯೂ ಮದ್ಯಪಾನ ಸೇರಿದೆ. ಬುದ್ಧಿಯನ್ನು ಮಂಕಾಗಿಸುವ ವಸ್ತು ಪ್ರಮಾದಕ್ಕೆ ಕಾರಣ, ಪ್ರಮಾದ ಹಿಂಸೆಗೆ ಕಾರಣ. ಆದುದರಿಂದಲೇ ಜೈನ ಮನೆತನದಲ್ಲಿ ಇಂಥ ದೋಷ ಸಂಭವಿಸಿದಾಗ ಅದನ್ನು ಒಪ್ಪಿಕೊಳ್ಳುವುದು ಇತರ ಕಡೆಗಿಂತ ಕಠಿಣವಾಗುತ್ತದೆ. ನಿಷೇಧ ಎಷ್ಟು ಉಗ್ರವೋ ಮರೆಸುವ ಆಸೆಯೂ ಅಷ್ಟೇ ಬಲವಾಗುತ್ತದೆ.

ನಮೂನೆ ಕೇಳುವುದೇನು?

ಕೇಂದ್ರ ಸರ್ಕಾರದ ಹುದ್ದೆಗೆ ಆಯ್ಕೆಯಾದವನು ತುಂಬಬೇಕಾದ ದೃಢೀಕರಣ ನಮೂನೆಯ ಆರಂಭದಲ್ಲಿಯೇ ಒಂದು ಎಚ್ಚರಿಕೆಯಿದೆ: ಸುಳ್ಳು ಮಾಹಿತಿಯನ್ನು ಕೊಡುವುದೂ ನಿಜವನ್ನು ಮರೆಸುವುದೂ ಅನರ್ಹತೆಗೆ ಕಾರಣವಾಗುತ್ತದೆ. ಒಳಗೆ ಪ್ರಶ್ನೆಗಳ ಸಾಲು. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಮೊಕದ್ದಮೆ ನಡೆದಿದೆಯೇ, ನ್ಯಾಯಾಲಯ ದಂಡ ವಿಧಿಸಿದೆಯೇ, ಶಿಕ್ಷೆಯಾಗಿದೆಯೇ, ವಿಶ್ವವಿದ್ಯಾನಿಲಯವು ಪರೀಕ್ಷೆಯಿಂದ ಹೊರಗಿಟ್ಟಿದೆಯೇ, ಯಾವುದಾದರೂ ಪ್ರಕರಣ ಬಾಕಿಯಿದೆಯೇ ಎಂಬುವು ಅವುಗಳಲ್ಲಿ ಮುಖ್ಯವಾದುವು. ತನ್ನನ್ನು ಬಲ್ಲ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳ ಹೆಸರನ್ನೂ ಅಭ್ಯರ್ಥಿ ಬರೆಯಬೇಕು. ಅನಂತರ ಆ ಕಾಗದ ಪರಿಶೀಲನೆಗೆ ಹೋಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಪಟ್ಟಿಯಲ್ಲಿ ಮಾದಕ ವಸ್ತುವನ್ನು ಎಂದಾದರೂ ಸೇವಿಸಿದ್ದೀರಾ ಎಂಬ ಪ್ರಶ್ನೆಯಿಲ್ಲ. ನಮ್ಮ ದೇಶದಲ್ಲಿ ಹಳೆಯ ಸೇವನೆ ಈ ಕಾಗದವನ್ನು ಪ್ರವೇಶಿಸುವುದು ಪೊಲೀಸ್ ಪ್ರಕರಣದ ಬಾಗಿಲಿನಿಂದ ಮಾತ್ರ. 1985ರ ಎನ್‌ಡಿಪಿಎಸ್ ಕಾಯಿದೆಯ 27ನೆಯ ಪ್ರಕರಣ ಸೇವನೆಯನ್ನೇ ಅಪರಾಧವೆಂದು ಪರಿಗಣಿಸುತ್ತದೆ. ಕೊಕೇನ್, ಮಾರ್ಫೀನ್, ಹೆರಾಯಿನ್ ಮೊದಲಾದುವಕ್ಕೆ 1 ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇತರ ವಸ್ತುಗಳಿಗೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಬಂಧನವಾದರೆ, ಮೊಕದ್ದಮೆ ಹೂಡಲ್ಪಟ್ಟರೆ, ದಂಡ ಕಟ್ಟಿದರೆ, ನಮೂನೆಯ ಒಂದೊಂದು ಪ್ರಶ್ನೆಗೂ ‘ಹೌದು’ ಎಂದು ಬರೆಯಬೇಕಾಗುತ್ತದೆ.

ಓಕಳಿಪುರಂ ಬಡಾವಣೆಯನ್ನು ನಿದರ್ಶನಕ್ಕಾಗಿ ಭಾವಿಸಬಹುದು. ಬೆಂಗಳೂರು ನಗರ ರೈಲು ನಿಲ್ದಾಣದ ಮಗ್ಗುಲಲ್ಲಿ, ರೈಲು ಹಳಿಗಳ ಅಂಚಿನಲ್ಲಿ, ಶ್ರೀರಾಮಪುರ ಮಲ್ಲೇಶ್ವರಗಳ ನೆರೆಯಲ್ಲಿ ಇರುವ ಈ ಹಳೆಯ ಬಡಾವಣೆಯಲ್ಲಿ ಸರ್ಕಾರಿ ನೌಕರಿ ಎಂಬ ಮಾತಿಗೆ ಇಂದಿಗೂ ತೂಕವಿದೆ. 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, 1954ರ ಬಿಇಎಲ್, ಆಮೇಲೆ ಬಂದ ಇಸ್ರೋ ಮತ್ತು ರಕ್ಷಣಾ ಪ್ರಯೋಗಾಲಯಗಳು, ಎಲ್ಲಕ್ಕೂ ಮೊದಲಿನ ರೈಲ್ವೆ, ಇವುಗಳಿಂದಾಗಿ ಭದ್ರತಾ ಪರಿಶೀಲನೆಯೆಂಬುದು ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆ ದೂರದ ವಿಷಯವಾಗಿಲ್ಲ. ಇಂಥ ಬಡಾವಣೆಯ ಇಬ್ಬರು ತರುಣರನ್ನು ಕಲ್ಪಿಸಿಕೊಳ್ಳಬಹುದು. ಇಬ್ಬರೂ ಕಾಲೇಜಿನ ದಿನಗಳಲ್ಲಿ ಒಂದೇ ಸಂಜೆ ಒಂದೇ ಗಾಂಜಾ ಬೀಡಿಯನ್ನು ಸೇದಿದವರು. ಒಬ್ಬನು ರೈಲ್ವೆ ಕೆಳಸೇತುವೆಯ ಬಳಿ ಪೊಲೀಸರ ಕೈಗೆ ಸಿಕ್ಕಿದನು. ಮತ್ತೊಬ್ಬನು ಸಿಕ್ಕದೆ ಮನೆ ಸೇರಿದನು. ಏಳೆಂಟು ವರ್ಷಗಳ ಬಳಿಕ ಇಬ್ಬರೂ ಒಂದೇ ನಮೂನೆಯನ್ನು ತುಂಬುತ್ತಾರೆ. ಎರಡನೆಯವನು ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಬರೆದು ಸತ್ಯವಂತನೇ ಆಗಿ ಉಳಿಯುತ್ತಾನೆ. ಮೊದಲನೆಯವನು ‘ಹೌದು’ ಎಂದರೆ ನೌಕರಿ ಕೈತಪ್ಪುವ ಭಯ, ‘ಇಲ್ಲ’ ಎಂದರೆ ಸುಳ್ಳಿನ ಪಾಪ. ಕರ್ಮ ಒಂದೇ; ಫಲ ಬೇರೆ.

ದೃಷ್ಟವೆಂಬ ದೋಷ

ಶಿವಾರ್ಯರ ಭಗವತೀ ಆರಾಧನೆ ಈ ವೈಷಮ್ಯವನ್ನು ಬಹು ಹಿಂದೆಯೇ ಗುರುತಿಸಿದೆ. ಶಿಷ್ಯನು ತನ್ನ ದೋಷವನ್ನು ಆಚಾರ್ಯರ ಮುಂದೆ ನಿವೇದಿಸುವ ಕ್ರಿಯೆಗೆ ಆಲೋಚನೆ ಎಂದು ಹೆಸರು. ಆ ನಿವೇದನೆಯೇ ದೂಷಿತವಾಗುವ ಹತ್ತು ಬಗೆಗಳನ್ನು ಶಾಸ್ತ್ರ ಎಣಿಸುತ್ತದೆ. ಸೇವೆಯಿಂದ ಗುರುವಿನ ಮನಸ್ಸನ್ನು ಮೊದಲೇ ಮೆತ್ತಗೆ ಮಾಡಿಕೊಂಡು ಹೇಳುವುದು ಆಕಂಪಿತ. ದೊಡ್ಡದನ್ನು ಮಾತ್ರ ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ಬೇರೆ ಯಾರೋ ಮಾಡಿದಂತೆ ನಟಿಸಿ ಪ್ರಾಯಶ್ಚಿತ್ತವನ್ನು ಕೇಳಿ ತಿಳಿಯುವುದು ಛನ್ನ. ಗದ್ದಲದ ನಡುವೆ ಕೇಳಿಸದಂತೆ ಹೇಳಿಬಿಡುವುದು ಶಬ್ದಾಕುಲ. ಇವುಗಳ ಸಾಲಿನಲ್ಲಿ ಮೂರನೆಯದು ದೃಷ್ಟ: ಇತರರ ಕಣ್ಣಿಗೆ ಬಿದ್ದ ದೋಷವನ್ನು ಮಾತ್ರ ಒಪ್ಪಿ, ಯಾರೂ ಕಾಣದುದನ್ನು ಒಳಗೇ ಇರಿಸಿಕೊಳ್ಳುವುದು.

ದೃಢೀಕರಣ ನಮೂನೆಯ ರಚನೆಯೇ ಈ ಮೂರನೆಯ ದೋಷದ ಮೇಲೆ ನಿಂತಿದೆ. ಅದು ಕೇಳುವುದು ಮಾಡಿದ್ದನ್ನಲ್ಲ, ಕಂಡದ್ದನ್ನು. ರಾಜ್ಯದ ಕಣ್ಣಿಗೆ ಬಿದ್ದ ದೋಷವಷ್ಟೇ ಅದಕ್ಕೆ ದೋಷ. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ರಾಜ್ಯವು ಮೋಕ್ಷಮಾರ್ಗದ ಗುರುವಲ್ಲ. ಪ್ರಜೆಯ ಅಂತರಂಗವನ್ನು ಬಗೆದು ನೋಡುವ ಅಧಿಕಾರ ಅದಕ್ಕೆ ಇರುವುದು ತರವೂ ಅಲ್ಲ. ದಾಖಲೆಯಲ್ಲಿರುವುದನ್ನು ಮಾತ್ರ ಕೇಳುವ ನಮೂನೆ ಒಂದು ಬಗೆಯಲ್ಲಿ ಪ್ರಜೆಯ ಖಾಸಗಿ ಬದುಕಿಗೆ ಗೌರವ ತೋರುತ್ತದೆ. ಆದರೆ ಹಾಗೆ ಕೇಳಿದ ಮೇಲೆ, ಬಂದ ಉತ್ತರವನ್ನು ಚಾರಿತ್ರ್ಯದ ಸಂಪೂರ್ಣ ಅಳತೆಯೆಂದು ತಿಳಿಯುವುದು ತಪ್ಪು. ಸಿಕ್ಕಿಬೀಳದವನ ‘ಇಲ್ಲ’ ಅವನ ನಿರ್ಮಲತೆಗೆ ಪ್ರಮಾಣವಲ್ಲ. ಸಿಕ್ಕಿಬಿದ್ದವನ ‘ಹೌದು’ ಅವನ ಅನರ್ಹತೆಗೂ ಪ್ರಮಾಣವಲ್ಲ. ಯಾವ ಬಡಾವಣೆಯ ಬೀದಿಗಳಲ್ಲಿ ಪೊಲೀಸರ ತಪಾಸಣೆ ಹೆಚ್ಚೋ ಆ ಬೀದಿಯ ಮಕ್ಕಳಿಗೆ ‘ಹೌದು’ ಎಂದು ಬರೆಯುವ ಪ್ರಸಂಗ ಹೆಚ್ಚು ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ವಿಪರ್ಯಾಸವೂ ಇದೆ. ಎನ್‌ಡಿಪಿಎಸ್ ಕಾಯಿದೆಯ 64ಎ ಪ್ರಕರಣದಂತೆ, ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ಸರ್ಕಾರ ನಡೆಸುವ ಅಥವಾ ಮನ್ನಣೆ ನೀಡಿದ ಸಂಸ್ಥೆಯಲ್ಲಿ ಸ್ವಯಂಪ್ರೇರಣೆಯಿಂದ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ವಿನಾಯಿತಿಯನ್ನು ಹಿಂಪಡೆಯಬಹುದು. ಶಾಸನದ ಈ ಭಾಗ ನಿಜವಾಗಿಯೂ ಸ್ಥಿತಿಕರಣದ ಮನೋಭಾವದ್ದು. ಆದರೆ ಶಾಸನ ಕ್ಷಮಿಸಿದ್ದನ್ನು ನಮೂನೆ ನೆನಪಿಟ್ಟುಕೊಳ್ಳುತ್ತದೆ. ಎಂದಾದರೂ ಬಂಧಿತರಾಗಿದ್ದಿರಾ ಎಂಬ ಪ್ರಶ್ನೆಗೆ ಚಿಕಿತ್ಸೆ ಮುಗಿಸಿ ಬಂದವನೂ ‘ಹೌದು’ ಎಂದೇ ಬರೆಯಬೇಕು. ಅವನು ಗುಣವಾದನೇ ಎಂದು ಕೇಳುವ ಸಾಲು ಅಲ್ಲಿಲ್ಲ.

ತೀರ್ಪಿನ ಗುಣ ಮತ್ತು ಮಿತಿ

ಈ ಹಿನ್ನೆಲೆಯಲ್ಲಿ ಅವತಾರ್ ಸಿಂಗ್ ತೀರ್ಪನ್ನು ಓದಬೇಕು. ಅದಕ್ಕೆ ಮುಂಚಿನ ತೀರ್ಪುಗಳಲ್ಲಿ ಏಕರೂಪತೆ ಇರಲಿಲ್ಲ. 1996ರ ಸುಶೀಲ್ ಕುಮಾರ್ ಪ್ರಕರಣದಲ್ಲಿ ನ್ಯಾಯಾಲಯ ಶಿಸ್ತಿನ ಪಡೆಗೆ ಪೂರ್ವಚರಿತ್ರೆ ಮುಖ್ಯವೆಂದು ಕಠಿಣ ನಿಲುವು ತಳೆಯಿತು. 2011ರ ಸಂದೀಪ್ ಕುಮಾರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರ ಪೀಠವು ತಾರುಣ್ಯದ ಅವಿವೇಕವನ್ನು ಕ್ಷಮಾದೃಷ್ಟಿಯಿಂದ ನೋಡಬೇಕೆಂದಿತು; ಜೀವನವಿಡೀ ಕಳ್ಳನೆಂಬ ಮುದ್ರೆಯನ್ನು ಹೊತ್ತ ವಿಕ್ಟರ್ ಹ್ಯೂಗೋ ಕಾದಂಬರಿಯ ಜಾನ್ ವಾಲ್‌ಜಾನನನ್ನೂ ಅದು ಸ್ಮರಿಸಿತು. ಈ ಭಿನ್ನಾಭಿಪ್ರಾಯವನ್ನು ಪರಿಹರಿಸಲು 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅವತಾರ್ ಸಿಂಗ್ ಪ್ರಕರಣದಲ್ಲಿ ಮಾರ್ಗಸೂಚಿಗಳನ್ನು ನೀಡಿತು.

ಆ ಮಾರ್ಗಸೂಚಿಗಳಲ್ಲಿ ಶ್ಲಾಘ್ಯವಾದ ಅಂಶಗಳು ಹಲವು. ಮಾಹಿತಿ ಸತ್ಯವಾಗಿರಬೇಕೆಂಬುದು ಮೊದಲ ನಿಯಮ. ಆದರೆ ಮರೆಸಿದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು. ತಾರುಣ್ಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣಕ್ಕೂ ಗುರುತರ ಅಪರಾಧಕ್ಕೂ ಭೇದವೆಣಿಸಬೇಕು. ಹುದ್ದೆಯ ಸ್ವರೂಪಕ್ಕೆ ತಕ್ಕಂತೆ ಅಳತೆ ಬದಲಾಗಬೇಕು, ಉನ್ನತ ಹುದ್ದೆಗೆ ಕಠಿಣತರವಾಗಬೇಕು. ಕಾಯಂ ಆದ ನೌಕರನನ್ನು ಇಲಾಖಾ ವಿಚಾರಣೆಯಿಲ್ಲದೆ ತೆಗೆಯಕೂಡದು. ನಮೂನೆಯ ಪ್ರಶ್ನೆ ನಿರ್ದಿಷ್ಟವಾಗಿರಬೇಕು, ಕೇಳದುದನ್ನು ಹೇಳಲಿಲ್ಲವೆಂದು ಯಾರನ್ನೂ ದೂಷಿಸಕೂಡದು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿ ಪ್ರಾಯಶ್ಚಿತ್ತ ಕೊಡಬೇಕೆಂಬ ಜೈನಾಚಾರ್ಯರ ವಿಧಿಯನ್ನು ಬಲ್ಲವರಿಗೆ ಈ ವಿವೇಕ ಪರಿಚಿತವೆನಿಸುತ್ತದೆ.

ಆದರೆ ತೀರ್ಪಿನ ಎರಡು ಸೂಚನೆಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಅದರ ಮಿತಿ ಗೋಚರಿಸುತ್ತದೆ. ಕ್ಷುಲ್ಲಕವಾದ ಅಪರಾಧವನ್ನು ಮರೆಸಿದವನನ್ನು ಉದ್ಯೋಗದಾತನು ತನ್ನ ವಿವೇಚನೆಯಿಂದ ಕ್ಷಮಿಸಬಹುದು ಎನ್ನುತ್ತದೆ ಒಂದು. ಮುಗಿದುಹೋದ ಪ್ರಕರಣವನ್ನು ಸತ್ಯವಾಗಿ ಘೋಷಿಸಿದವನ ವಿಷಯದಲ್ಲಿಯೂ ಪೂರ್ವಚರಿತ್ರೆಯನ್ನು ಪರಿಗಣಿಸುವ ಹಕ್ಕು ಉದ್ಯೋಗದಾತನಿಗಿದೆ, ನೇಮಿಸಲೇಬೇಕೆಂದು ಅವನನ್ನು ಬಲಾತ್ಕರಿಸುವಂತಿಲ್ಲ ಎನ್ನುತ್ತದೆ ಮತ್ತೊಂದು. ಪ್ರತ್ಯೇಕವಾಗಿ ಎರಡೂ ಯುಕ್ತವೇ. ಒಟ್ಟಿಗೆ ಓದಿದಾಗ ಮಾತ್ರ, ಸತ್ಯ ನುಡಿದವನಿಗೆ ನಿಶ್ಚಿತವಾದ ಯಾವ ಆಧಾರವೂ ಉಳಿಯುವುದಿಲ್ಲ. ಮರೆಸಿದವನೂ ಒಪ್ಪಿದವನೂ ಅದೇ ಅಧಿಕಾರಿಯ ವಿವೇಚನೆಯನ್ನು ಕಾಯುತ್ತ ನಿಲ್ಲುತ್ತಾರೆ. ಮರೆಸಿದವನಿಗೆ ಬಯಲಾಗದೆ ಉಳಿಯುವ ಒಂದು ಸಂಭವವಾದರೂ ಇದೆ; ಒಪ್ಪಿದವನಿಗೆ ಅದೂ ಇಲ್ಲ. ಸತ್ಯವನ್ನು ಬೇಡುವ ವ್ಯವಸ್ಥೆ ಸತ್ಯಕ್ಕೆ ಬೆಲೆ ಕಟ್ಟುವುದನ್ನು ಮರೆತರೆ, ಅದು ತನಗೆ ಅರಿವಿಲ್ಲದೆ ಮಾಯೆಗೆ ಪ್ರೋತ್ಸಾಹ ಕೊಟ್ಟಂತಾಗುತ್ತದೆ.

ಅನಂತರದ ತೀರ್ಪುಗಳು ಈ ತೊಡಕನ್ನು ಪೂರ್ಣವಾಗಿ ಬಿಡಿಸಿಲ್ಲ. 2022ರ ಮೇ ತಿಂಗಳಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ನ್ಯಾಯಾಲಯವು ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೇಬಲ್ ಒಬ್ಬರನ್ನು ಕೈಬಿಟ್ಟ ಆದೇಶವನ್ನು ರದ್ದುಪಡಿಸಿ, ಮಾಹಿತಿಯನ್ನು ಮರೆಸಿದ ಮಾತ್ರಕ್ಕೆ ಯಾಂತ್ರಿಕವಾಗಿ ಕೆಲಸದಿಂದ ತೆಗೆಯುವಂತಿಲ್ಲವೆಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸತೀಶ್ ಚಂದ್ರ ಯಾದವ್ ಪ್ರಕರಣದಲ್ಲಿ, ಕೇಂದ್ರ ಮೀಸಲು ಪೊಲೀಸ್ ಪಡೆಯ ಸಂದರ್ಭದಲ್ಲಿ, ಮರೆಸುವಿಕೆಯನ್ನು ಗಂಭೀರವಾಗಿ ಪರಿಗಣಿಸುವ ನಿಲುವು ಪ್ರಕಟವಾಯಿತು. ಎರಡೂ ತೀರ್ಪುಗಳ ಚರ್ಚೆ ಮರೆಸಿದವನನ್ನು ಕುರಿತದ್ದು. ಒಪ್ಪಿದವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಪ್ರಾಯಶ್ಚಿತ್ತ ಶಾಸ್ತ್ರದ ಉತ್ತರ ಇಲ್ಲಿ ಉಪಯುಕ್ತ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುತ್ತದೆ. ಕೇವಲ ಆಲೋಚನೆಯಿಂದ ಆರಂಭವಾಗಿ, ಪ್ರತಿಕ್ರಮಣ, ತಪಸ್ಸು ಮೊದಲಾದುವನ್ನು ದಾಟಿ, ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದ, ಗೊತ್ತಾದ ಕಾಲದವರೆಗೆ ದೂರವಿರಿಸುವ ಪರಿಹಾರ, ಮರಳಿ ದೀಕ್ಷೆ ನೀಡುವ ಉಪಸ್ಥಾಪನೆಯವರೆಗೆ ಅದು ಏರುತ್ತದೆ. ಅಂದರೆ ಸಂಘವು ದೋಷಿಯ ಮುಂದೆ ಒಳಗೆ ಅಥವಾ ಹೊರಗೆ ಎಂಬ ಎರಡೇ ಬಾಗಿಲುಗಳನ್ನು ಇಟ್ಟಿಲ್ಲ. ಹಿರಿತನ ಕಡಿಮೆಯಾಗಬಹುದು, ಕೆಲಕಾಲ ಅಂತರವಿರಬಹುದು. ಆದರೆ ಆ ಕಾಲಕ್ಕೆ ಕೊನೆಯುಂಟು. ಸರ್ಕಾರಿ ಸೇವೆಯಲ್ಲಿಯೂ ಗುಪ್ತ ಕಡತಗಳ ಹುದ್ದೆಗೆ ಬದಲಾಗಿ ಸಾಮಾನ್ಯ ಹುದ್ದೆ, ದೀರ್ಘತರವಾದ ಪರೀಕ್ಷಾವಧಿ, ಗೊತ್ತಾದ ವರ್ಷಗಳ ನಿರ್ದೋಷ ನಡತೆಯ ಬಳಿಕ ಮರುಪರಿಶೀಲನೆ ಎಂಬ ಮೆಟ್ಟಿಲುಗಳನ್ನು ಕಲ್ಪಿಸುವುದು ಅಸಾಧ್ಯವಲ್ಲ. 2015ರ ಬಾಲನ್ಯಾಯ ಕಾಯಿದೆ ಹೊಸ ಆರಂಭದ ತತ್ತ್ವವನ್ನು ಅಂಗೀಕರಿಸಿ, ಬಾಲ್ಯದ ಅಪರಾಧ ಸಾಮಾನ್ಯವಾಗಿ ಮುಂದಿನ ಅನರ್ಹತೆಗೆ ಕಾರಣವಾಗಬಾರದೆಂದು ವಿಧಿಸಿದೆ. ಆದರೆ ಹದಿನೆಂಟು ತುಂಬಿದ ಮರುದಿನವೇ ಮನುಷ್ಯ ಪಕ್ವನಾಗುವುದಿಲ್ಲ.

ಹೊರದೇಶದ ಒಂದು ಮಾದರಿ

ಕನ್ನಡದ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕದ ಪ್ರಜೆಗಳು. ಅಲ್ಲಿಯ ಸರ್ಕಾರದ ಭದ್ರತಾ ಅನುಮತಿಯ ಪ್ರಶ್ನೆ ಅವರನ್ನೂ ತಟ್ಟುತ್ತದೆ. ಅಲ್ಲಿಯ ಪದ್ಧತಿ ನಮ್ಮದಕ್ಕಿಂತ ಭಿನ್ನ. ಎಸ್‌ಎಫ್-86 ಎಂಬ ನಮೂನೆ ಸಿಕ್ಕಿಬಿದ್ದಿರಾ ಎಂದು ಮಾತ್ರ ಕೇಳದೆ, ಹಿಂದಿನ ಏಳು ವರ್ಷಗಳಲ್ಲಿ ಮಾದಕ ವಸ್ತುವನ್ನು ಸೇವಿಸಿದ್ದೀರಾ ಎಂದು ನೇರವಾಗಿ ಕೇಳುತ್ತ ಬಂದಿದೆ. ಹಾಗೆ ಕೇಳುವಾಗ, ಆ ಪ್ರಶ್ನೆಗೆ ಕೊಟ್ಟ ಸತ್ಯವಾದ ಉತ್ತರವನ್ನು ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವುದಿಲ್ಲವೆಂಬ ಭರವಸೆಯನ್ನೂ ಕೊಡುತ್ತದೆ. 2017ರ ಜೂನ್ 8ರಂದು ಜಾರಿಗೆ ಬಂದ ಭದ್ರತಾ ನಿರ್ದೇಶನದಲ್ಲಿ ಹದಿಮೂರು ಮಾನದಂಡಗಳಿವೆ. ಮಾದಕ ಸೇವನೆ ಒಂದು, ಅಪ್ರಾಮಾಣಿಕತೆ ಮತ್ತೊಂದು. ಪ್ರಸ್ತುತ ಸೇವಿಸುತ್ತಿರುವವನಿಗೆ ಅನುಮತಿಯಿಲ್ಲ. ಹಿಂದೆ ಸೇವಿಸಿ ಬಿಟ್ಟವನ ವಿಷಯದಲ್ಲಿ ಕಳೆದ ಕಾಲ, ಸೇವನೆಯ ಪ್ರಮಾಣ, ಹಳೆಯ ಸಹವಾಸವನ್ನು ತೊರೆದುದು, ಚಿಕಿತ್ಸೆಯನ್ನು ಪೂರೈಸಿದುದು, ಇನ್ನು ಮುಂದೆ ಸೇವಿಸುವುದಿಲ್ಲವೆಂದು ಸಹಿ ಮಾಡಿಕೊಟ್ಟ ಹೇಳಿಕೆ ಇವುಗಳನ್ನು ತೂಗಿ ನೋಡಬೇಕು. ಆಲೋಚನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನಗಳ ಕ್ರಮವನ್ನು ಅರಿತವರಿಗೆ ಈ ಪಟ್ಟಿಯ ತರ್ಕ ಹೊಸದಲ್ಲ.

ಆ ಪದ್ಧತಿಯನ್ನು ಆದರ್ಶವೆಂದು ಹೇಳಬೇಕಾಗಿಲ್ಲ. ಅನೇಕ ರಾಜ್ಯಗಳು ಅನುಮತಿಸಿದ ಗಾಂಜಾ ಅಲ್ಲಿಯ ಕೇಂದ್ರ ಸರ್ಕಾರದ ಪರಿಶೀಲನೆಯಲ್ಲಿ ದೋಷವಾಗಿಯೇ ಎಣಿಕೆಯಾಗುತ್ತ ಬಂದು ತರುಣರನ್ನು ಗೊಂದಲಕ್ಕೆ ಗುರಿಮಾಡಿದೆ. ಆದರೂ ಅದರ ಹಿಂದಿನ ಒಂದು ವಿಚಾರ ಮನನೀಯವಾದುದು. ಗುಪ್ತ ವಿಷಯಗಳನ್ನು ಕಾಯುವವನಲ್ಲಿ ಅವನದೇ ಗುಟ್ಟೊಂದು ಅಡಗಿದ್ದರೆ, ಆ ಗುಟ್ಟನ್ನು ಬಲ್ಲವನು ಅವನನ್ನು ಬೆದರಿಸಿ ಕುಣಿಸಬಹುದು. ಎಲ್ಲರ ಮುಂದೆ ಒಪ್ಪಿಕೊಂಡವನಲ್ಲಿ ಬೆದರಿಸಲು ಏನೂ ಉಳಿಯುವುದಿಲ್ಲ. ಶಲ್ಯದ ಅರ್ಥ ಇಲ್ಲಿ ಲೌಕಿಕವಾಗಿಯೂ ಸ್ಫುಟವಾಗುತ್ತದೆ. ಮೈಯಲ್ಲಿ ಮೊನೆ ನಟ್ಟಿರುವವನನ್ನು ಅದರ ದಂಡ ಹಿಡಿದವನು ಎಳೆದತ್ತ ಎಳೆಯಬಲ್ಲನು. ಆದುದರಿಂದ ನಿಃಶಲ್ಯತೆ ಕೇವಲ ಮುನಿಗಳ ಗುಣವಲ್ಲ, ರಾಜ್ಯದ ಭದ್ರತೆಗೂ ಬೇಕಾದ ಗುಣ.

ಕೇಳುವವನ ಅರ್ಹತೆ

ದೋಷವನ್ನು ಹೇಳುವವನಿಗೆ ಹತ್ತು ಎಚ್ಚರಿಕೆಗಳನ್ನು ಕೊಟ್ಟ ಭಗವತೀ ಆರಾಧನೆ ಕೇಳುವವನನ್ನೂ ಬಿಟ್ಟಿಲ್ಲ. ಆಚಾರ್ಯನಲ್ಲಿ ಇರಬೇಕಾದ ಗುಣಗಳಲ್ಲಿ ಅಪರಿಸ್ರಾವಿತ್ವ ಒಂದು. ಪರಿಸ್ರವವೆಂದರೆ ಸೋರಿಕೆ. ಶಿಷ್ಯನು ನಂಬಿ ನಿವೇದಿಸಿದ ದೋಷ ಗುರುವಿನ ಬಾಯಿಂದ ಹೊರಗೆ ಸೋರಕೂಡದು. ಸೋರಿಸುವವನು ಕೇಳಲು ಅರ್ಹನೇ ಅಲ್ಲ. ಸತ್ಯವನ್ನು ಹೇಳೆಂದು ಒತ್ತಾಯಿಸುವ ಅಧಿಕಾರಕ್ಕೂ ಅದನ್ನು ಕಾಪಾಡುವ ಹೊಣೆಗೂ ಶಾಸ್ತ್ರ ಗಂಟು ಹಾಕಿದೆ.

ವೈದ್ಯರಿಗೆ ಈ ಹೊಣೆಯನ್ನು ನಮ್ಮ ಶಾಸನ ವಿಧಿಸಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಇದು ತಿಳಿಯದೆ ಎಷ್ಟೋ ತಂದೆತಾಯಿಗಳು, ನಿಮ್ಹಾನ್ಸ್‌ನಂಥ ಸಂಸ್ಥೆ ಬೆಂಗಳೂರಿನಲ್ಲಿಯೇ ಇದ್ದರೂ, ಹೆಸರು ದಾಖಲಾದರೆ ಮಗನ ನೌಕರಿ ಹೋಗುತ್ತದೆಂಬ ಭಯದಿಂದ ಚಿಕಿತ್ಸೆಗೆ ಹಿಂಜರಿಯುತ್ತಾರೆ. ಸ್ವತಃ ಚಿಕಿತ್ಸೆ ಪಡೆದುದನ್ನು ದೃಢೀಕರಣ ನಮೂನೆಯ ಆ ಪ್ರಶ್ನೆಗಳು ಕೇಳುವುದೇ ಇಲ್ಲ. ಹಿಂಜರಿಕೆಯಿಂದ ವ್ಯಸನ ಬೆಳೆದು ಪೊಲೀಸ್ ಠಾಣೆಯವರೆಗೆ ಹೋದಾಗ ಮಾತ್ರ ಆ ಭಯ ನಿಜವಾಗುತ್ತದೆ. ಮರೆಸುವುದರಿಂದ ಉಳಿಸಬೇಕೆಂದಿದ್ದುದು ಮರೆಸಿದ್ದರಿಂದಲೇ ನಾಶವಾಗುತ್ತದೆ.

ಉಪಗೂಹನದ ನಿಜಾರ್ಥ

ಕುಟುಂಬದ ಹಿರಿಯರು ಇಂಥ ಸಂದರ್ಭದಲ್ಲಿ ಧರ್ಮದ ಹೆಸರನ್ನೇ ಮುಂದಿಡುವುದುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದಲ್ಲವೇ, ದೋಷವನ್ನು ಮುಚ್ಚುವುದೂ ಧರ್ಮವಲ್ಲವೇ ಎಂಬ ವಾದ ಅದು. ಉಪಗೂಹನಕ್ಕೆ ನಿದರ್ಶನವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಪೂರ್ಣವಾಗಿ ನೆನೆದರೆ ಆ ವಾದ ನಿಲ್ಲುವುದಿಲ್ಲ. ತಾಮ್ರಲಿಪ್ತಿಯ ಆ ಶ್ರೇಷ್ಠಿಯ ಚೈತ್ಯಾಲಯದಲ್ಲಿ ಬೆಲೆಬಾಳುವ ವೈಡೂರ್ಯಮಣಿಯಿತ್ತು. ಕಳ್ಳನೊಬ್ಬ ಕ್ಷುಲ್ಲಕನ ವೇಷ ಧರಿಸಿ ಬಂದನು. ಶ್ರೇಷ್ಠಿ ವೇಷವನ್ನು ನಂಬಿ ಚೈತ್ಯಾಲಯದ ಕಾವಲನ್ನೇ ಅವನಿಗೆ ಒಪ್ಪಿಸಿ ಪ್ರಯಾಣ ಹೊರಟನು. ಕಳ್ಳ ಮಣಿಯೊಡನೆ ಓಡಿದನು; ಕಾವಲುಗಾರರು ಬೆನ್ನಟ್ಟಿದಾಗ ಶ್ರೇಷ್ಠಿಯ ಬಿಡಾರಕ್ಕೇ ಬಂದು ಬಿದ್ದನು. ವೇಷಕ್ಕೆ ಒದಗುವ ಅಪಕೀರ್ತಿಯನ್ನು ತಪ್ಪಿಸಲು ಶ್ರೇಷ್ಠಿ, ತಾನು ಹೇಳಿದ್ದರಿಂದಲೇ ಅವನು ಮಣಿಯನ್ನು ತಂದನೆಂದು ಜನರನ್ನು ಸಮಾಧಾನಪಡಿಸಿದನು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಜನ ಚದುರಿದ ಮೇಲೆ ಶ್ರೇಷ್ಠಿ ಅವನನ್ನು ರಾತ್ರಿಯಲ್ಲಿಯೇ ಕಳುಹಿಸಿಬಿಟ್ಟನು. ಚೈತ್ಯಾಲಯವನ್ನು ಮರಳಿ ಅವನ ಕೈಗೆ ಒಪ್ಪಿಸಲಿಲ್ಲ. ಬೀದಿಯಲ್ಲಿ ಅಪಮಾನಗೊಳಿಸದಿರುವುದು ಬೇರೆ, ಪರೀಕ್ಷಿಸದೆ ಭಂಡಾರವನ್ನು ಒಪ್ಪಿಸುವುದು ಬೇರೆ. ಆದುದರಿಂದ ಪರಿಶೀಲಿಸುವ ಹಕ್ಕನ್ನು ಉಪಗೂಹನ ಕಸಿದುಕೊಳ್ಳುವುದಿಲ್ಲ. ಅಲ್ಲದೆ ಉಪಗೂಹನ ಪರರ ದೋಷವನ್ನು ಕುರಿತದ್ದು. ತನ್ನ ದೋಷಕ್ಕೆ ಶಾಸ್ತ್ರ ಹೇಳಿರುವುದು ನಿಂದೆ, ಗರ್ಹೆ, ಆಲೋಚನೆಗಳನ್ನು. ಮಗನ ಕೈಯಿಂದ ‘ಇಲ್ಲ’ ಎಂದು ಬರೆಯಿಸುವ ತಂದೆ ಅವನ ದೋಷವನ್ನು ಮುಚ್ಚುತ್ತಿಲ್ಲ. ಮಾಸಿಹೋಗಬಹುದಾಗಿದ್ದ ಹಳೆಯ ದೋಷಕ್ಕೆ ಇಂದಿನ ದಿನಾಂಕ ಹಾಕಿ ಹೊಸ ದೋಷವೊಂದನ್ನು ಸೇರಿಸುತ್ತಿದ್ದಾನೆ. ಗಾಂಜಾ ಸೇದಿದ್ದು ಇಪ್ಪತ್ತರ ಹರೆಯದ ಅವಿವೇಕವಾಗಿತ್ತು. ಸುಳ್ಳು ಸಹಿ ಇಪ್ಪತ್ತೆಂಟರ ವಿವೇಕ ಮಾಡಿದ ಕೆಲಸ.

ಬಸದಿ ಟ್ರಸ್ಟ್‌ಗಳ ಪಾತ್ರ

ಉಪಗೂಹನದ ಮರುಅಂಗವೇ ಸ್ಥಿತಿಕರಣ. ಜಾರಿದವನನ್ನು ಮತ್ತೆ ನೆಲೆಗೊಳಿಸುವುದು. ಅದಕ್ಕೆ ವಾರಿಷೇಣಕುಮಾರ ನಿದರ್ಶನ. ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಬಿಟ್ಟುಬಂದ ಮಡದಿಯನ್ನೇ ನೆನೆಯುತ್ತಿದ್ದ ಪುಷ್ಪಡಾಲನನ್ನು ವಾರಿಷೇಣ ಸಂಘದಿಂದ ಹೊರಹಾಕಲಿಲ್ಲ. ಅವನು ಸುಮ್ಮನೆ ಇದ್ದುಬಿಡಲೆಂದು ಕಣ್ಣು ಮುಚ್ಚಲೂ ಇಲ್ಲ. ತಾನೇ ಜೊತೆಯಲ್ಲಿ ನಡೆದು, ತಾನು ತೊರೆದ ಅರಮನೆಯನ್ನೇ ತೋರಿಸಿ, ಅವನಲ್ಲಿ ವಿವೇಕ ಹುಟ್ಟುವಂತೆ ಮಾಡಿದನು.

ಇದು ಟ್ರಸ್ಟ್‌ಗಳಿಗೆ ಪ್ರತ್ಯಕ್ಷವಾಗಿ ಸಂಬಂಧಿಸಿದ ವಿಷಯ. ನಮೂನೆಯಲ್ಲಿ ಬರೆಯುವ ಇಬ್ಬರು ಬಲ್ಲವರ ಹೆಸರುಗಳು ಅನೇಕ ಸಲ ಸಮಾಜದ ಹಿರಿಯರದು, ಬಸದಿಯ ಕಾರ್ಯದರ್ಶಿಗಳದು. ನಡತೆ ಪತ್ರವನ್ನು ಬರೆದುಕೊಡುವವರೂ ಅವರೇ. ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರವನ್ನು ಕೊಡುವುದು ಸುಲಭ; ಕಳಂಕವಿದ್ದವನಿಗೆ ಪತ್ರವನ್ನೇ ನಿರಾಕರಿಸುವುದು ಇನ್ನೂ ಸುಲಭ. ಎರಡರಲ್ಲಿಯೂ ಸ್ಥಿತಿಕರಣವಿಲ್ಲ. ಇಂಥ ವರ್ಷ ದೋಷ ನಡೆದುದು ನಿಜ, ಚಿಕಿತ್ಸೆ ಪಡೆದುದು ನಿಜ, ಇಷ್ಟು ವರ್ಷಗಳಿಂದ ಇವನ ಬದುಕನ್ನು ಹತ್ತಿರದಿಂದ ಕಂಡಿದ್ದೇವೆ ಎಂದು ಅಭ್ಯರ್ಥಿಯ ಒಪ್ಪಿಗೆಯಿಂದ ಬರೆದುಕೊಡುವ ಹಿರಿಯರ ಒಂದು ಪತ್ರ, ವಿವೇಚನೆ ನಡೆಸುವ ಅಧಿಕಾರಿಗೆ ಆಧಾರವಾಗಬಲ್ಲದು. ಅವತಾರ್ ಸಿಂಗ್ ತೀರ್ಪು ವಿವೇಚನೆಗೆ ಅವಕಾಶವಿತ್ತಿದೆ. ಆ ವಿವೇಚನೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದು ಸಮಾಜದ ಕೆಲಸ. ಅಂಥ ಪತ್ರವನ್ನು ಬರೆಯಬೇಕಾದರೆ ಆ ತರುಣನನ್ನು ವರ್ಷಗಳ ಕಾಲ ನಿಜವಾಗಿಯೂ ಹತ್ತಿರದಿಂದ ಕಂಡಿರಬೇಕು. ಅವನು ತನ್ನ ದೋಷವನ್ನು ಹೇಳಿಕೊಂಡಾಗ ಅದು ಮರುದಿನ ಬಸದಿಯ ಜಗಲಿಯ ಮಾತಾಗದಿರಬೇಕು.

ಟ್ರಸ್ಟ್‌ಗಳೂ ಉದ್ಯೋಗದಾತರೇ ಎಂಬುದನ್ನು ಕೊನೆಯಲ್ಲಿ ನೆನೆಯಬೇಕು. ಅರ್ಚಕ, ಗುಮಾಸ್ತ, ವಿದ್ಯಾರ್ಥಿನಿಲಯದ ಮೇಲ್ವಿಚಾರಕ, ಭಂಡಾರದ ಕಾವಲುಗಾರ ಇವರ ನೇಮಕದಲ್ಲಿ ಯಾವ ಪ್ರಶ್ನೆಗಳನ್ನು ಕೇಳಲಾಗುತ್ತಿದೆ, ಸತ್ಯ ಹೇಳಿದವನಿಗೆ ಏನು ಗತಿಯಾಗುತ್ತಿದೆ ಎಂಬುದನ್ನು ಅವು ಪರಿಶೀಲಿಸಿಕೊಳ್ಳಬಹುದು. ನ್ಯಾಯಾಲಯದಿಂದ ನಿರೀಕ್ಷಿಸುವ ವಿವೇಕವನ್ನು ಬಸದಿಯ ಕಚೇರಿ ತಾನೇ ಆಚರಿಸದಿದ್ದರೆ ವಿಮರ್ಶೆಗೆ ಬೆಲೆಯಿಲ್ಲ.

ಶಿವಕೋಟ್ಯಾಚಾರ್ಯರದೆಂದು ಪ್ರಸಿದ್ಧವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಕಳ್ಳತನದ ವಿದ್ಯೆಯಲ್ಲಿ ಪಳಗಿದವನೊಬ್ಬ, ನಗರದ ತಳಾರನಾದ ತನ್ನ ಬಾಲ್ಯದ ಸಹಪಾಠಿ ಯಮದಂಡನ ಎದುರಾಳಿಯಾಗಿ ನಿಂತವನು, ಕೊನೆಗೆ ಮುನಿಯಾದ ವೃತ್ತಾಂತ ಅದು. ಕನ್ನಡದ ಆ ಪ್ರಾಚೀನ ಗದ್ಯಕಾರ ಅವನ ಹೆಸರಿನಿಂದ ಚೋರ ಶಬ್ದವನ್ನು ತೊಡೆದುಹಾಕಲಿಲ್ಲ. ಆ ಶಬ್ದ ಇದೆಯೆಂದು ರಿಸಿಯೆಂದು ಕರೆಯಲು ಹಿಂಜರಿಯಲೂ ಇಲ್ಲ. ಕಥೆಯ ಹೆಸರಿನಲ್ಲಿ ಎರಡೂ ಶಬ್ದಗಳು ಅಕ್ಕಪಕ್ಕದಲ್ಲಿಯೇ ಇವೆ. ಸಾವಿರ ವರ್ಷಗಳಿಂದ ಆ ಕಥೆಯನ್ನು ಓದುತ್ತ ಬಂದ ಸಮಾಜಕ್ಕೆ, ನಮೂನೆಯಲ್ಲಿ ‘ಹೌದು’ ಎಂದು ಬರೆದು ಬಂದ ತನ್ನ ಮಗನನ್ನು ಅದೇ ದೃಷ್ಟಿಯಿಂದ ನೋಡುವುದು ಅಸಾಧ್ಯವಾಗಬಾರದು.